ಮುಂಗಾಲು ಬಂದ ದಿನ

ಬಾನ್ ನೊಂಗ್‌ಖೇನ್ ಊರಿನಲ್ಲಿ ಕೋಳಿ ಕೂಗುವ ಹೊತ್ತಿಗೇ ಬುವಾಲೈ ಸಿಮೆಂಟ್ ತೊಟ್ಟಿಯ ಪಕ್ಕ ಮಂಡಿಯೂರಿದ್ದಾರೆ. ಬೊಗಸೆಯ ನೀರಿನಲ್ಲಿ ಒಂದು ಗೊದಮೊಟ್ಟೆ. ಅದರ ಕಾಲು ಎಣಿಸುತ್ತಾರೆ. ನಿನ್ನೆ ಎರಡಿದ್ದವು, ಇವತ್ತು ನಾಲ್ಕು.

"ನಾಡಿದ್ದು ಬರ್ರೋ ಅಂದಿದ್ದೆನಲ್ಲ," ಎಂದು ಆ ಹೊಸ ಕಾಲುಗಳನ್ನೇ ಗದರುತ್ತಾರೆ.

ಐವತ್ತೆಂಟರ ಬುವಾಲೈ ಅಕ್ಕ ಸಂತೆಯಲ್ಲಿ ಮಾರಲು ಕಪ್ಪೆ ಸಾಕುತ್ತಾರೆ. ಬ್ಯಾಂಕಾಕಿನಲ್ಲಿ ಇಟ್ಟಿಗೆ ಹೊರುವಾಗ ಕಲಿತ ಗಾರೆ ಕೆಲಸದಿಂದ ನಾಲ್ಕು ತೊಟ್ಟಿಗಳನ್ನು ತಾವೇ ಕಟ್ಟಿದವರು. ತೊಟ್ಟಿಗೆ ಎಂಟುನೂರು ಗೊದಮೊಟ್ಟೆ. ದಿನಕ್ಕೆ ನಾಲ್ಕು ಸಲ ಮೇವು. ಎರಡು ದಿನಕ್ಕೊಮ್ಮೆ ಜರಡಿ ಹಿಡಿದು ದೊಡ್ಡವನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ಅಣ್ಣ ತಮ್ಮನನ್ನೇ ನುಂಗುತ್ತಾನೆ. ಹಿಂಗಾಲು ಮೊದಲು ಬರುತ್ತದೆ. ಮುಂಗಾಲು ಮೂಡಿತೆಂದರೆ ಮೇವು ಬಿಟ್ಟು, ತಮ್ಮ ಬಾಲವನ್ನೇ ಕರಗಿಸಿಕೊಂಡು ಬದುಕುತ್ತವೆ. ಕಿವಿರು ಮುಚ್ಚುತ್ತದೆ. ಆಗ ಹತ್ತಿ ಕೂರಲು ಒಣ ಜಾಗ ಸಿಗದಿದ್ದರೆ ಮುಳುಗಿ ಸಾಯುತ್ತವೆ.

"ಮೊದಲ ವರ್ಷ ಒಂದೂ ಉಳೀಲಿಲ್ಲ. ಕಪ್ಪೆ ಮುಳುಗುತ್ತೆ ಅಂತ ಯಾರಿಗಮ್ಮ ಗೊತ್ತಿತ್ತು? ನಮ್ಮತ್ತೆ ಮೂರು ದಿನ ನನ್ನ ನೋಡಿ ನಕ್ಕರು. ನಾಲ್ಕನೇ ದಿನ ಎಲ್ಲಿಂದಲೋ ಹೊಸ ಮೊಟ್ಟೆ ತಂದುಕೊಟ್ಟರು," ಎಂದು ನನಗೆ ಹೇಳುತ್ತಾರೆ.

ಅಂದಿನಿಂದ ಪ್ರತಿ ಸಲ ಬಾಳೆದಿಂಡಿನ ತುಂಡು ತೇಲಿಬಿಡುತ್ತಾರೆ. ಈ ಸಲ ಸೆಕೆಗೆ ಮುಂಗಾಲು ಎರಡು ದಿನ ಮೊದಲೇ ಬಂದಿದೆ. ಹಿತ್ತಿಲ ಬಾಳೆಯನ್ನೆಲ್ಲ ಪಕ್ಕದ ಮನೆಯ ಗೃಹಪ್ರವೇಶಕ್ಕೆ ನಿನ್ನೆ ತಾವೇ ಕಡಿದುಕೊಟ್ಟಿದ್ದಾರೆ. ಅದೀಗ ಅಲ್ಲಿ ಬಾಗಿಲ ಕಮಾನಾಗಿ ನಿಂತಿದೆ, ಮುಟ್ಟುವಂತಿಲ್ಲ.

ಬಿಸಿಲೇರುತ್ತಿದೆ. ಆ ಮನೆಯೊಳಗೆ ಭಿಕ್ಖುಗಳು ಮಂತ್ರ ಹೇಳುತ್ತಿದ್ದಾರೆ, ಊರೆಲ್ಲ ಕೈಮುಗಿದು ಕುಳಿತಿದೆ. ಮೆಟ್ಟಿಲ ಬುಡದಲ್ಲಿ ಊರಿನ ಅಷ್ಟೂ ಚಪ್ಪಲಿ. ಬುವಾಲೈ ಒಂದು ಗಳಿಗೆ ನೋಡುತ್ತಾರೆ. ಬುಟ್ಟಿ ತರುತ್ತಾರೆ.

ಊಟ ಮುಗಿಸಿ ಹೊರಬಂದವರು ದಾರಿಯಲ್ಲಿ ಉದುರಿದ ಒಂಟಿ ಚಪ್ಪಲಿಗಳ ಜಾಡು ಹಿಡಿದು ಬರಿಗಾಲಲ್ಲಿ ತೊಟ್ಟಿಯ ಬಳಿ ಬರುತ್ತಾರೆ. ಊರ ಮುಖ್ಯಸ್ಥ ಖಮ್‌ಪಾನರ ನೀಲಿ ರಬ್ಬರ್ ಚಪ್ಪಲಿ ತೊಟ್ಟಿಯಲ್ಲಿ ತೇಲುತ್ತಿದೆ, ಅದರ ಮೇಲೆ ಏಳು ಮರಿಗಳು ಬಾಲ ಇಳಿಬಿಟ್ಟು ಪಂಚಾಯಿತಿ ಕೂತಿವೆ.

"ಏನಕ್ಕ, ಹೇಳದೆ ಕೇಳದೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದೀಯ?" ಎನ್ನುತ್ತಾರೆ ಮುಖ್ಯಸ್ಥರು.

"ಬಾಲ ಕರಗಲಿ, ಎಬ್ಬಿಸ್ತೀನಿ."

"ಎಷ್ಟು ದಿನ?"

"ಮೂರೋ ನಾಲ್ಕೋ."

ಖಮ್‌ಪಾನ್ ಬಿಸಿಲಿಗೆ ಕಾದ ರಸ್ತೆಯನ್ನು ನೋಡುತ್ತಾರೆ, ಮರಿಗಳನ್ನು ನೋಡುತ್ತಾರೆ. "ಆ ಕೊನೇದು ಜಾರ್ತಿದೆ, ಸ್ವಲ್ಪ ಒಳಗೆ ಸರಿಸು," ಎಂದು ಹೇಳಿ, ಹುಲ್ಲಿನ ಅಂಚು ಹುಡುಕುತ್ತ ಕುಣಿದಂತೆ ಮನೆಗೆ ಹೋಗುತ್ತಾರೆ. ಉಳಿದವರೂ ಅದೇ ಕುಣಿತದಲ್ಲಿ ಹಿಂದೆಯೇ.

ನಾಲ್ಕನೇ ದಿನ ಬುವಾಲೈ ಚಪ್ಪಲಿಗಳನ್ನು ತಿಕ್ಕಿ ತೊಳೆದು ಮನೆಮನೆಗೆ ಕೊಟ್ಟುಬರುತ್ತಾರೆ. ಜೋಡಿ ಒಂದೆರಡು ಕಡೆ ತಪ್ಪಿದೆ, ಯಾರೂ ಎತ್ತಿ ಆಡಿಲ್ಲ. ತೊಟ್ಟಿಗಳಲ್ಲಿ ಒಂದು ಮರಿಯೂ ಸತ್ತಿಲ್ಲ.

ಇನ್ನೇನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಖಾಲಿ ಬುಟ್ಟಿ ಕೊಡವುತ್ತ ಹೇಳುತ್ತಾರೆ:

"ನಮ್ಮೂರ ಶಾಲೆ ಮೇಷ್ಟ್ರು ಚರ್ಮದ ಚಪ್ಪಲಿ ಬಿಟ್ಟು ರಬ್ಬರಿಂದು ಹಾಕ್ಕೊಂಡ್ರೆ ಸಾಕಮ್ಮ. ಚರ್ಮದ್ದು ಮುಳುಗುತ್ತೆ."