ಅರಮನೆ ಹೊತ್ತ ಹೆಗಲು

ನಾನು ನೋಡಿದ್ದೆ. ನೋಡಿಯೂ ಹಾಡಿದೆ. ಆಮೇಲೆ ನೋಡಲೇ ಇಲ್ಲವೆಂದು ಸುಳ್ಳು ಹೇಳಿದೆ — ಅದೂ ಹುಸೇನಸಾಬರ ಎದುರಿಗೇ ಕೂತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ನಾಟಕ ಕಂಪನಿ ಇಂಡಿ, ಸಿಂದಗಿ ಮುಗಿಸಿಕೊಂಡು ತಾಳಿಕೋಟೆಗೆ ಬಂದಿತ್ತು. ನಾನು ನಾಯಕಿ, ಊರ ಗೋಡೆಗಳ ಮೇಲೆಲ್ಲ ನನ್ನ ಹೆಸರು. ನಾಲತವಾಡದ ಹುಸೇನಸಾಬರು ಪರದೆಯ ಹಿಂದಿನವರು. ಕಂಪನಿಯಾಚೆ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎರಿಮಣ್ಣಿನಲ್ಲಿ ಕುಣಿ ತೋಡಿ, ಕಂಬ ನಿಲ್ಲಿಸಿ, ತಗಡು ಹೊದಿಸಿ, ಬರಿಯ ಬಯಲಲ್ಲಿ ಥಿಯೇಟರು ಎಬ್ಬಿಸುತ್ತಿದ್ದವರು ಅವರು ಮತ್ತು ಅವರ ನಾಲ್ಕು ಜನ. ನಾನು ಮುಂದಿನ ಪರದೆಯೆದುರು ಒಂದು ಪದ ಹಾಡುವುದರೊಳಗೆ ಹಿಂದೆ ಕಾಡು ಹೋಗಿ ಅರಮನೆ ಬಂದಿರುತ್ತಿತ್ತು. ಸಪ್ಪಳ ಕೇಳಬಾರದೆಂದು ಬರಿಗಾಲಲ್ಲೇ ಓಡಾಡುತ್ತಿದ್ದರು. ಪರದೆ ಎದ್ದಾಗ ಮಂದಿ ಬೆರಗಾಗಿ "ಅಬ್ಬಬ್ಬಾ" ಎನ್ನುತ್ತಿದ್ದರು. ಅಂಥ ಕಸಬುದಾರರ ಜೊತೆ ಬಾಳಿದವಳು ನಾನು — ಇದನ್ನು ಇವತ್ತಿಗೂ ಎದೆಯುಬ್ಬಿಸಿ ಹೇಳುತ್ತೇನೆ.

ಆ ದಿನ ಹೆಣ್ಣುಮಕ್ಕಳಿಗೆಂದೇ ಇಟ್ಟ ಹಗಲಾಟ. ಮಧ್ಯಾಹ್ನ ಬಿರುಗಾಳಿ ಎದ್ದಿತು. ಹುಸೇನಸಾಬರ ಜನ ಹೊರಗೆ ಹಾರುತ್ತಿದ್ದ ತಗಡು ಬಿಗಿಯಲು ಓಡಿದ್ದರು. ಒಳಗೆ ಅರಮನೆಯ ದೃಶ್ಯ. ನಾನು ಹಾಡುತ್ತಿದ್ದೆ, ಪಕ್ಕದಲ್ಲಿ ಸಖಿಯರಾಗಿ ನಾಲ್ವರು ಹುಡುಗಿಯರು. ಹಿಂದೆ ಕರ್ರೆಂದಿತು. ಓರೆಗಣ್ಣಲ್ಲಿ ನೋಡಿದೆ — ಸಾಗವಾನಿ ಚೌಕಟ್ಟಿನ ಉಪ್ಪರಿಗೆ ಹಗ್ಗ ಕಿತ್ತು, ಮಂದಿಯತ್ತ ಮುಖಮಾಡಿ ನಿಂತಿದ್ದ ಹುಡುಗಿಯರ ಮೇಲೆ ಹಿಂದಿನಿಂದ ವಾಲಿತ್ತು. ಪಕ್ಕದ ಪರದೆಯ ಮರೆಯಲ್ಲಿ ಹುಸೇನಸಾಬರು ಒಬ್ಬರೇ, ಅದರ ಅಂಚಿಗೆ ಬಲಹೆಗಲು ಕೊಟ್ಟು ನಿಂತಿದ್ದರು. ಕುತ್ತಿಗೆಯ ನರ ಉಬ್ಬಿತ್ತು. ಆಟ ನಿಲ್ಲಬಾರದೆಂದು ಹಲ್ಲು ಕಚ್ಚಿದ್ದರು.

ಹಾಡು ಮುಗಿಯಿತು. ಕೈಮುಗಿದು ಒಳಗೆ ಸರಿದಿದ್ದರೆ ಪರದೆ ಬೀಳುತ್ತಿತ್ತು, ನಾಲ್ಕು ಕೈ ಕೂಡುತ್ತಿದ್ದವು. ಆದರೆ "ಒನ್ಸ್ ಮೋರ್" ಎಂಬ ಕೂಗು, ಚಪ್ಪಾಳೆ... ಮತ್ತೆ ಹಾಡಿದೆ. ಮತ್ತೊಮ್ಮೆ ಕೇಳಿದರು — ಮತ್ತೊಮ್ಮೆ ಹಾಡಿದೆ. ಬೇಕೆಂದೇ ಆಲಾಪ ಎಳೆದೆ. ಆ ಚಪ್ಪಾಳೆ ನನಗೆ ಬೇಕಿತ್ತು. ಅಷ್ಟೇ.

ಅವರ ಬಲಗೈ ಅಂದಿನಿಂದ ಹೆಗಲ ಮಟ್ಟಕ್ಕೆ ಏಳಲಿಲ್ಲ.

ಮರುದಿನ ನೋಡಹೋದೆ. ತೋಳಿಗೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದರು.

"ಅಕ್ಕಾರ, ನೀವು ಹಾಡಾಕ ನಿಂತ್ರ ನಿಮಗ ಹಿಂದಿನ ಖಬರ ಇರಂಗಿಲ್ರಿ. ನೋಡಿದ್ರ ನಿಲ್ಲಿಸೇ ನಿಲ್ಲಸ್ತಿದ್ರಿ."

"ಹೌದ್ರಿ... ನಾ ನೋಡ್ಲೇ ಇಲ್ಲ."

"ಹುಡುಗ್ಯಾರಿಗಿ ಏನೂ ಆಗ್ಲಿಲ್ಲಲ್ಲ, ಅಷ್ಟ ಸಾಕ್ರಿ," ಎಂದು ನಕ್ಕರು. ನನ್ನನ್ನು ನಂಬಿ ನಕ್ಕರು.

ಕಂಪನಿಯ ಮುಂದಿನ ಊರು ಮುದ್ದೇಬಿಹಾಳದಲ್ಲಿ ಅವರು ಎಡಗೈ, ಹಲ್ಲು ಸೇರಿಸಿ ಹಗ್ಗದ ಗಂಟು ಬಿಗಿದರು. ಬಸವನ ಬಾಗೇವಾಡಿಯಲ್ಲಿ ಮೂಲೆಯಲ್ಲಿ ಕೂತು ಬರಿಯ ಕಣ್ಸನ್ನೆಯಿಂದಲೇ ಇಡೀ ಅರಮನೆ ಎಬ್ಬಿಸಿದರು — ಕೂದಲೆಳೆಯಷ್ಟೂ ತಪ್ಪಿಲ್ಲದೆ. ನೋಡಿ ಹೆಮ್ಮೆಯಿಂದ ಕಣ್ಣು ತುಂಬಿತು. ಬಾಯಿ ಮಾತ್ರ ತೆರೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡರು; ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾಲತವಾಡಕ್ಕೆ ಹೋಗಿ, ಅವರ ಹೆಂಡತಿ ಬೀಬಿಜಾನರ ಮುಂದೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ನನಗೊಬ್ಬಾಕಿಗಿ ಹೇಳಿ ಮನಸ್ಸು ಹಗುರ ಮಾಡ್ಕೋಬ್ಯಾಡ್ರಿ. ಚಪ್ಪಾಳಿ ಹೊಡದ ಮಂದಿಗಿ ಹೇಳ್ರಿ."

ಆ ಮಂದಿಯಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ... ಅದಕ್ಕೇ ಇದನ್ನು ಬರೆದಿದ್ದೇನೆ. ಇನ್ನು ಯಾರೇ ನನ್ನನ್ನು ವೇದಿಕೆಗೆ ಕರೆದು ಹಳೆಯ ಪದ ಹಾಡೆಂದರೂ, ಮೊದಲು ಹುಸೇನಸಾಬರ ಹೆಸರು ಹೇಳಿ, ನಾನು ಮಾಡಿದ್ದನ್ನೂ ಹೇಳುತ್ತೇನೆ. ಕೇಳಿದ ಮೇಲೂ ಹಾಡು ಬೇಕೋ ಬೇಡವೋ — ಕೂತವರೇ ಹೇಳಲಿ.