ಟ್ರ್ಯಾಕ್ಟರಿಗೆ ಅಡ್ಡ ಮಲಗಿದ್ದ ನ್ಯಾಯಮೂರ್ತಿ

ಹುಬ್ಬಳ್ಳಿಯ ದುರ್ಗದಬೈಲಿನ ನಡುಬೀದಿಯಲ್ಲಿ ಪಾಲಿಕೆಯ ಟ್ರ್ಯಾಕ್ಟರಿನ ಗಾಲಿಗೆ ತಲೆ ಕೊಟ್ಟು ಮಲಗಿದ್ದ ವಸಂತನನ್ನು ನಾನು ಕಣ್ಣಾರೆ ಕಂಡವನು. ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಬೀಬಿಜಾನರ ಬಳೆ ಗಾಡಿಯನ್ನು ಎತ್ತೊಯ್ಯಲು ಬಂದ ಟ್ರ್ಯಾಕ್ಟರ್ ಅದು. "ಹಾಯಿಸ್ರೀ! ಮೊದಲ ನನ್ನ ಮ್ಯಾಲ ಹಾಯಿಸಿ, ಆಮ್ಯಾಲ ಗಾಡಿ ಮುಟ್ರಿ!" ಎಂದು ಒದರಿದ. ಡ್ರೈವರ್ ಹೆದರಿ ಹಿಂದೆ ಸರಿದ. ಆಗ ನಾವಿಬ್ಬರೂ ಕಾನೂನು ಓದುತ್ತಿದ್ದೆವು; ಧಾರವಾಡದ ಸಪ್ತಾಪುರದಲ್ಲಿ ಒಂದೇ ಖೋಲಿಯಲ್ಲಿ ವಾಸ.

ಮಾತಿಗೆ ಮುಂಚೆ ಅಂಗಿಯ ತೋಳು ಮಡಚುವುದು ಅವನ ಚಟ. ಚಹಾದಂಗಡಿಯಲ್ಲಿ ಕುಳಿತರೂ ಭಾಷಣವೇ. "ಬಡವರ ಹೊಟ್ಟಿ ಮ್ಯಾಲ ಕಾಲಿಡೂ ಕಾನೂನು ಎಂಥಾ ಕಾನೂನಲೇ?" ಅನ್ನುತ್ತಿದ್ದ. ಎಂಥ ಛಲೋ ಮನುಷ್ಯ ಎಂದು ನನ್ನ ಪಾಲಿನ ಮಿರ್ಚಿ ಭಜಿಯನ್ನೂ ಅವನಿಗೇ ದಾಟಿಸುತ್ತಿದ್ದೆ.

ನಾನು ವಕೀಲನಾದೆ. ಅವನು ಪರೀಕ್ಷೆ ಬರೆದು ನ್ಯಾಯಾಧೀಶನಾಗಿ, ಊರೂರು ಸುತ್ತಿ, ಹುಬ್ಬಳ್ಳಿಗೇ ಬಂದ. ಅಷ್ಟರಲ್ಲಿ ಖಾಲಾರ ಜಾಗದ ಮೇಲೆ ಪಾಲಿಕೆಯ ಕಣ್ಣು ಮತ್ತೆ ಬಿದ್ದಿತ್ತು. ಖಾಲಾರ ವಕೀಲ ನಾನೇ; ಕೆಳಗಿನ ಕೋರ್ಟಿನಲ್ಲಿ ಸೋತಿದ್ದೆವು. ಅಪೀಲು ಅವನ ಮುಂದೆ ಬಂತು. ಎದುರು ವಕೀಲರೇ, "ನೀವು ಸಾಹೇಬ್ರ ಖೋಲಿ ಗೆಳ್ಯಾರು. ಬ್ಯಾರೆ ಕೋರ್ಟಿಗೆ ಹಾಕ್ಸೂಣೇನ್ರಿ?" ಎಂದು ಮರ್ಯಾದೆಯಿಂದ ಕೇಳಿದರು. ಮೂರ್ಖ ನಾನು, ಬೇಡವೆಂದೆ. ಖಾಲಾರಿಗೂ, "ಚಿಂತಿ ಬಿಡ್ರಿ, ನಮ್ಮ ವಸಂತ ಕುಂತಾನ" ಅಂದೆ.

ರಸ್ತೆ ಇರುವುದು ನಡೆಯುವವರಿಗೆ, ಯಾರದೋ ಹೊಟ್ಟೆಪಾಡು ನ್ಯಾಯಾಲಯದ ಚಿಂತೆಯಲ್ಲ ಎಂದು ಬರೆದ ಪುಣ್ಯಾತ್ಮ. ಸೋತಿದ್ದಕ್ಕೆ ನನ್ನ ತಕರಾರಿಲ್ಲ, ವಕೀಲನಿಗೆ ಸೋಲು ಹೊಸದೇ? ಆದರೆ ಬೀದಿ ವ್ಯಾಪಾರಿಗಳಿಗೆಂದೇ ಇರುವ ಕಾಯ್ದೆಯನ್ನು ಹಿಡಿದು ಒಂದು ತಾಸು ವಾದಿಸಿದ್ದೆ. ತೀರ್ಪಿನಲ್ಲಿ ಅದರ ಹೆಸರೇ ಇಲ್ಲ!

ಈಗ ಅವನ ಹೆಸರು ಹೈಕೋರ್ಟಿನ ನ್ಯಾಯಮೂರ್ತಿ ಹುದ್ದೆಗೆ ಶಿಫಾರಸಾಗಿದೆ. ಅಭಿನಂದಿಸಲು ಹೋದ ವಕೀಲರ ಹಿಂದೆ ನಾನೂ ಹೋದೆ. ನನ್ನನ್ನು ಬದಿಗೆ ಕರೆದು, "ಆ ಟ್ರ್ಯಾಕ್ಟರ್ ಹುಡುಗಾಟ ಯಾರ ಮುಂದೂ ಹೇಳಬ್ಯಾಡೋ. ಈಗ ಹಳೇದೆಲ್ಲಾ ಕೆದಕಾಕತ್ತಾರ" ಎಂದ.

"ಯಾವುದೋ ಹುಡುಗಾಟ? ಅವತ್ತು ಮಲಗಿದ್ದೋ, ಮೊನ್ನಿ ಬರದದ್ದೋ?"

ನಕ್ಕು ಪೇಢೆಯ ತಟ್ಟೆ ಮುಂದೆ ಮಾಡಿದ. ಥೂ! ಇಂಥವನಿಗಾಗಿ ಊರೆಲ್ಲ ಜಂಬ ಕೊಚ್ಚಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಮುಟ್ಟದೆ ಹೊರಬಂದೆ. ಆಮೇಲೆ ಅವನ ಮುಖ ನೋಡಿಲ್ಲ.

ಖಾಲಾ ಈಗ ಮನೆಮನೆಗೆ ಬುಟ್ಟಿ ಹೊತ್ತು ಬಳೆ ಮಾರುತ್ತಾರೆ. ಹೈಕೋರ್ಟಿಗೆ ಹಾಕುವ ಅಪೀಲಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮೊನ್ನೆ ಹೋಗಿದ್ದೆ.

"ವಕೀಲ್ ಸಾಬ್, ಅಲ್ಲಿಗೂ ಅಂವನ ಬರ್ತಾನಂತಲ್ರಿ?"

"ನಿಮ್ಮ ಕೇಸು ಅಂವನ ಮುಂದ ಬರೂದಿಲ್ಲ ಖಾಲಾ. ಬ್ಯಾರೇದವ್ರು ನೋಡ್ತಾರ."

ಮಸಿ ಹತ್ತಿದ ಹೆಬ್ಬೆರಳನ್ನು ಕಾಗದಕ್ಕೆ ತಾಗಿಸದೆ ಅವರು ಕೇಳಿದರು: "ಆ ಬ್ಯಾರೇದವ್ರು ಹುಡುಗ್ರಿದ್ದಾಗ ಹ್ಯಾಂಗಿದ್ರಂತ?"