ಶುಕೂರಣ್ಣ ಮೇಲೆಕೆಳಗೆ ಮಾಡಿದ ಪಟ್ಟಿ

ಕಾಪು ಪೇಟೆಯಲ್ಲಿ ಮೀನು ಮಾರುಕಟ್ಟೆಗೆ ತಿರುಗುವ ಮೂಲೆಯಲ್ಲಿ ಶುಕೂರ್ ಅವರ ಅಂಗಡಿ. ಹನ್ನೊಂದು ವರ್ಷ ಸೌದಿಯ ದಮ್ಮಾಮಿನ ಗೋದಾಮಿನಲ್ಲಿ ದುಡಿದು ಊರಿಗೆ ಮರಳಿದವರು ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಯಂತ್ರ ಇಟ್ಟುಕೊಂಡು ಕುಳಿತರು. ರೇಷನ್ ಕಾರ್ಡಿನ ತಿದ್ದುಪಡಿಯಿಂದ ಪಾಸ್‌ಪೋರ್ಟಿನ ಅರ್ಜಿಯವರೆಗೆ ಎಲ್ಲವೂ ಅಲ್ಲಿ ಆಗುತ್ತಿತ್ತು. ಆದರೆ ಅವರ ಹೆಸರು ಊರಲ್ಲಿ ನಿಂತದ್ದು ಸಿಇಟಿಯ ಕೆಲಸದಿಂದ. ಇಂಜಿನಿಯರಿಂಗ್ ಸೇರುವ ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಒಂದರ ಕೆಳಗೊಂದು ಪಟ್ಟಿ ಮಾಡಿ ಕಂಪ್ಯೂಟರಿಗೆ ತುಂಬಿಸಬೇಕು. ಮೇಲಿನಿಂದ ನೋಡುತ್ತ ಬರುವಾಗ ಅವರ ರ‍್ಯಾಂಕಿಗೆ ಎಟಕುವ ಮೊದಲನೆಯ ಕಾಲೇಜು ಯಾವುದೋ ಅದೇ ಅವರಿಗೆ ಸಿಗುತ್ತದೆ. ಅದರ ಕೆಳಗೆ ಎಂತಹ ಒಳ್ಳೆಯ ಕಾಲೇಜಿದ್ದರೂ ಇಲ್ಲದ ಹಾಗೆಯೇ.

ಶುಕೂರ್ ಅವರಿಗೆ ಒಂದು ಪದ್ಧತಿ ಬೆಳೆದಿತ್ತು. ಹೆಣ್ಣುಮಕ್ಕಳ ಪಟ್ಟಿಯಾದರೆ, ಕಾಪುವಿನವರೆಗೆ ಕಾಲೇಜಿನ ಬಸ್ಸು ಬರುವ, ಸಂಜೆ ಬೆಳಕಿರುವಾಗಲೇ ಮನೆ ಮುಟ್ಟಿಸುವ ಕಾಲೇಜನ್ನು ಅವರು ತುದಿಗೇರಿಸುತ್ತಿದ್ದರು. ಮೊದಮೊದಲು ತಾಯಂದಿರು ಕೇಳಿಕೊಂಡದ್ದಕ್ಕೆ ಹಾಗೆ ಮಾಡಿದರು. ಬರಬರುತ್ತ ಕೇಳುವವರಿಲ್ಲದಿದ್ದರೂ ಕೈ ತಾನಾಗಿ ಹಾಗೆಯೇ ಮಾಡಿತು. ಮೊಗವೀರರ ಮಗಳಿರಲಿ, ಬ್ಯಾರಿಗಳ ಮಗಳಿರಲಿ, ಅವರಿಗೆ ಭೇದವಿರಲಿಲ್ಲ. ಊರಿನ ಹೆಣ್ಣುಮಕ್ಕಳಿಗೆ ತಾನೊಂದು ಉಪಕಾರ ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು.

ಈ ವರ್ಷ ಕಾವ್ಯ ಬಂದಳು. ಮಾರುಕಟ್ಟೆಯಲ್ಲಿ ಮೀನು ಮಾರುವ ಅಪ್ಪಿಯ ಮಗಳು. ತಂದೆ ಚೆನ್ನಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುವವನು. ಹುಡುಗಿಯ ರ‍್ಯಾಂಕು ಮೂರು ಸಾವಿರದ ಒಳಗೆ ಬಂದಿತ್ತು. ಮಣಿಪಾಲದ ಪ್ರವೇಶ ಪರೀಕ್ಷೆಯನ್ನೂ ಚೆನ್ನಾಗಿಯೇ ಬರೆದಿದ್ದಳು. ಆದರೆ ಅಲ್ಲಿಯ ಫೀಸಿನ ಹಾಳೆಯನ್ನು ಒಮ್ಮೆ ಓದಿ, ತಾಯಿಗೆ ತೋರಿಸದೆ ತಾನೇ ಮಡಚಿಟ್ಟಿದ್ದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹದಿನಾಲ್ಕು ಹೆಸರು ಬರೆದು ತಂದಿದ್ದಳು. ಮೊದಲನೆಯದು ಮೈಸೂರಿನ ವಿಶ್ವವಿದ್ಯಾನಿಲಯ, ಎಲೆಕ್ಟ್ರಾನಿಕ್ಸ್. ಎರಡನೆಯದು ಕಾರ್ಕಳದ ಕಡೆಯ ಕಾಲೇಜು, ಅದೇ ವಿಷಯ.

"ಅಂಕಲ್, ಇದೇ ಕ್ರಮದಲ್ಲಿ ಹಾಕಿ, ಆಯ್ತಾ?" ಎಂದಳು.

"ಆಯ್ತು ಮಗಾ. ನೀನು ಹೋಗು, ನಿನ್ನ ಬಸ್ಸು ಬಂತು."

ಅವಳು ಹೋದ ಮೇಲೆ ಶುಕೂರ್ ಕಾರ್ಕಳವನ್ನು ಒಂದಕ್ಕೆ ತಂದರು, ಮೈಸೂರನ್ನು ಎರಡಕ್ಕೆ ಇಳಿಸಿದರು. ಸಿಇಟಿಗೆ ಅರ್ಜಿ ಹಾಕಿದ ಚಳಿಗಾಲದಲ್ಲಿ ಚೆನ್ನಪ್ಪ ಕಡಲಿನಲ್ಲಿದ್ದ, ಕಾವ್ಯಳ ಬಳಿ ಫೋನಿರಲಿಲ್ಲ. ಆದ್ದರಿಂದ ಆಗ ಶುಕೂರ್ ತಮ್ಮ ನಂಬರನ್ನೇ ಕೊಟ್ಟಿದ್ದರು. ಒಟಿಪಿ ಅವರ ಫೋನಿಗೇ ಬಂತು. ಒತ್ತಿದರು, ಮುಗಿಯಿತು. ಮರುದಿನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟಾಗ ಅವಳು ಬಿಡಿಸಿ ನೋಡಲಿಲ್ಲ.

ಆಗಸ್ಟ್ ಮೊದಲ ವಾರದಲ್ಲಿ ಫಲಿತಾಂಶ ಬಂತು. ಕಾರ್ಕಳ. ಕಾವ್ಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ಮೈಸೂರು ಸಿಗ್ಲಿಲ್ವಾ ಅಂಕಲ್?"

"ಕಟಾಫ್ ಮುಗಿದಿರ್ಬೇಕು ಮಗಾ. ಈ ವರ್ಷ ಸ್ಪರ್ಧೆ ಜಾಸ್ತಿ ಅಲ್ವಾ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. ಹುಡುಗಿ ತಲೆಯಾಡಿಸಿ ಹೋದಳು. ಅವಳ ಬೆನ್ನು ಮರೆಯಾದ ಮೇಲೆ ಶುಕೂರ್ ಮೈಸೂರಿನ ಕಟಾಫ್ ತೆಗೆದು ನೋಡಿದರು. ಎಲೆಕ್ಟ್ರಾನಿಕ್ಸಿನ ಕೊನೆಯ ಸೀಟು ಸಿಕ್ಕಿದ್ದು ನಾಲ್ಕು ಸಾವಿರದ ಆಚೆಯ ರ‍್ಯಾಂಕಿನವರಿಗೆ. ಕಾವ್ಯಳಿಗಿಂತ ಸಾವಿರಕ್ಕೂ ಹೆಚ್ಚು ಸ್ಥಾನ ಹಿಂದಿದ್ದವರು. ಇಷ್ಟು ವರ್ಷ ಯಾರ ಕಟಾಫನ್ನೂ ಅವರು ಹೀಗೆ ಹುಡುಕಿ ನೋಡಿರಲಿಲ್ಲ.

ಮಧ್ಯಾಹ್ನ ಅಪ್ಪಿ ಬಂದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ.

"ಶುಕೂರಣ್ಣ, ಮಳೆಗಾಲದ ರಜೆ ಮುಗಿದು ಬೋಟು ಹೋದ ಮೇಲಿನ ಮೊದಲ ಬಂಗುಡೆ. ನಿಮಗೆ ಅಂತ ಆರಿಸಿ ಇಟ್ಟದ್ದು."

"ಇದೆಲ್ಲ ಎಂತಕ್ಕೆ ಅಪ್ಪಿಯಕ್ಕ..."

"ಸುಮ್ಮನೆ ತಗೊಳ್ಳಿ ಮಾರಾಯ್ರೆ! ನಮಗೆ ಇದೆಲ್ಲ ಎಂತ ಗೊತ್ತುಂಟು? ನೀವು ಇದ್ದದ್ದಕ್ಕೆ ಆಯ್ತು."

ಬೇಡವೆನ್ನಲು ಒಂದು ಕಾರಣ ಹೇಳಬೇಕಿತ್ತು. ಕಾರಣ ಹೇಳುವ ಧೈರ್ಯವಿಲ್ಲದೆ ಮೀನು ತೆಗೆದುಕೊಂಡರು.

ಮನೆಯಲ್ಲಿ ಹೆಂಡತಿ ಖೈರುನ್ನಿಸಾ ಆ ಮೀನನ್ನು ಖಾರ ಹಚ್ಚಿ ಎಣ್ಣೆಯಲ್ಲಿ ಕಾಯಿಸಿ ಬಡಿಸಿದರೆ ಶುಕೂರ್ ಅನ್ನವನ್ನು ಬೆರಳಲ್ಲಿ ಆಡಿಸುತ್ತ ಕುಳಿತರು. ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸಕ್ಕಿರುವ ಮಗಳು ಶಮ್ನಾಳಿಗೆ ಆ ದಿನ ರಜೆ. ಅವಳು ಎದುರಿಗೆ ಕುಳಿತು ಕೆದಕಿ ಕೇಳಿದಳು. ಅವರು ಮುಚ್ಚಿಡದೆ ಹೇಳಿದರು. ಮಗಳು ಸಮಾಧಾನ ಹೇಳಿಯಾಳು, ನೀವು ಒಳ್ಳೆಯದಕ್ಕೇ ಮಾಡಿದ್ದಲ್ಲವೇ ಎಂದಾಳು ಎಂಬ ಆಸೆ ಒಳಗೆ ಇತ್ತು.

ಶಮ್ನಾ ಮೀನಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನನ್ನ ಪಟ್ಟಿ ಸಹ ನೀವೇ ಹಾಕಿದ್ದಲ್ವಾ ಉಪ್ಪ?" ಎಂದಳು.

ಶುಕೂರ್ ತಲೆಯೆತ್ತಿದರು.

"ನಾನು ಹಾಸನ ಮೇಲೆ ಬರೆದಿದ್ದೆ. ನೀವು ಉಡುಪಿಯ ಹತ್ತಿರದ್ದನ್ನು ಮೇಲೆ ಹಾಕಿದಿರಿ. ಪ್ರಿಂಟು ನೋಡಿದ್ದೇನೆ ನಾನು."

"ಆಗ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿ ಎಂತ ಮಾಡುವುದು? ನಷ್ಟ ಏನೂ ಆಗ್ಲಿಲ್ಲ ಬಿಡಿ. ಓದಿದೆ, ಕೆಲಸ ಸಿಕ್ಕಿತು." ಅವಳು ನಗಲು ನೋಡಿದಳು. "ನಿಮ್ಮ ಮುಖ ನೋಡಿ ಸುಮ್ಮನಾದೆ. ಆ ಹುಡುಗಿ ನಿಮ್ಮ ಮುಖ ಯಾಕೆ ನೋಡ್ಬೇಕು? ಅವಳಿಗೆ ನಾಳೆ ಐದು ಗಂಟೆವರೆಗೆ ಸಮಯ ಉಂಟಲ್ಲ?"

ಉಂಟು. ಸಿಕ್ಕಿದ ಸೀಟನ್ನು ಒಪ್ಪಿಕೊಳ್ಳುತ್ತೀರೋ, ಅಥವಾ ಬಿಟ್ಟುಕೊಟ್ಟು ಎರಡನೆಯ ಸುತ್ತಿಗೆ ಹೋಗುತ್ತೀರೋ ಎಂದು ಮರುದಿನ ಸಂಜೆಯೊಳಗೆ ತಿಳಿಸಬೇಕಿತ್ತು. ಸೀಟನ್ನು ಹಿಡಿದುಕೊಂಡೇ ಕಾಯಬಹುದಾದದ್ದು ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜುಗಳಿಗೆ ಮಾತ್ರ, ಕಾವ್ಯಳ ಪಟ್ಟಿಯಲ್ಲಿ ಕಾರ್ಕಳದ ಮೇಲೆ ಏನೂ ಇರಲಿಲ್ಲ. ಬಿಟ್ಟುಕೊಟ್ಟರೆ ಕಾರ್ಕಳ ಕೈತಪ್ಪುತ್ತದೆ. ಮೈಸೂರು ಸಿಕ್ಕೀತೆಂಬ ಭರವಸೆಯಿಲ್ಲ. ಆ ತೀರ್ಮಾನ ಕಾವ್ಯಳದು. ಆದರೆ ತೀರ್ಮಾನಿಸುವಂಥದ್ದು ಏನಾದರೂ ಇದೆಯೆಂದು ಅವಳಿಗೆ ತಿಳಿಯಬೇಕಾದರೆ ಶುಕೂರ್ ಬಾಯಿ ತೆರೆಯಬೇಕಿತ್ತು.

ಬೆಳಿಗ್ಗೆ ಮಾರುಕಟ್ಟೆಗೆ ಹೋದರು. ಹೆಂಗಸರು ಸಾಲಾಗಿ ಕುಳಿತಿದ್ದರು. ಅಪ್ಪಿಯ ಪಕ್ಕದವಳು ದೂರದಿಂದಲೇ ಕೂಗಿದಳು. "ಅಪ್ಪಿ, ನೋಡು! ಶುಕೂರಣ್ಣನಿಗೆ ನಿನ್ನೆಯ ಬಂಗುಡೆ ಸಾಕಾಗ್ಲಿಲ್ಲ ಕಾಣ್ತದೆ!"

ಎಲ್ಲರೂ ನಕ್ಕರು. ಅಪ್ಪಿಯೂ ನಕ್ಕಳು. ಅವಳನ್ನು ಪಕ್ಕಕ್ಕೆ ಕರೆಯಬೇಕೆಂದಿದ್ದ ಶುಕೂರ್ ಆ ನಗುವಿನ ಎದುರು ಕರೆಯಲಾರದೆ ಅಲ್ಲೇ ನಿಂತು ಹೇಳಿದರು.

"ಅಪ್ಪಿಯಕ್ಕ, ಮಗಳಿಗೆ ಮೈಸೂರು ಸಿಗ್ತಿತ್ತು. ಅವಳು ಮೇಲೆ ಬರೆದದ್ದನ್ನು ನಾನು ಕೆಳಗೆ ಹಾಕಿದೆ. ಬಸ್ಸು ಉಂಟಲ್ಲ, ಸಂಜೆ ಮನೆಗೆ ಬರ್ತಾಳಲ್ಲ ಅಂತ ಹಾಕಿದೆ. ಕಟಾಫ್ ಮುಗಿದಿದೆ ಅಂತ ನಿನ್ನೆ ಅವಳಿಗೆ ಹೇಳಿದ್ದು ಸುಳ್ಳು."

ಅಪ್ಪಿ ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು.

"ಹತ್ತಿರ ಸಿಕ್ಕಿತಲ್ಲ ಅಂತ ನಾನೂ ಸಂತೋಷಪಟ್ಟೆ ಶುಕೂರಣ್ಣ. ಆದ್ರೆ ನಾನು ಅವಳ ತಾಯಿ. ನಾನು ಸಹ ಅವಳ ಪಟ್ಟಿಗೆ ಕೈ ಹಾಕ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಅವಳ ಫೋನಿನಿಂದ ನೆರೆಮನೆಗೆ ಕರೆ ಮಾಡಿ ಮಗಳನ್ನು ಅಂಗಡಿಗೆ ಬರಹೇಳಿ, ಇವರಿಗಿಂತ ಮುಂದೆ ನಡೆದಳು.

ಕಾವ್ಯ ಅಂಗಡಿಗೆ ಬಂದಳು. ಎಲ್ಲವನ್ನೂ ಕೇಳಿ, ಆ ಮಡಚಿದ ಪ್ರತಿಯನ್ನು ಚೀಲದಿಂದ ತೆಗೆದು ಈಗ ಬಿಡಿಸಿ ನೋಡಿದಳು. ಕಣ್ಣು ತುಂಬಿದವು.

"ನನ್ನಲ್ಲಿ ಒಂದು ಮಾತು ಕೇಳ್ಬಹುದಿತ್ತಲ್ಲ ಅಂಕಲ್."

"ಕೇಳ್ಬೇಕಿತ್ತು ಮಗಾ."

ಬಿಟ್ಟುಕೊಟ್ಟರೆ ಎರಡೂ ತಪ್ಪಬಹುದು ಎಂಬುದನ್ನು ಶುಕೂರ್ ಎರಡು ಸಲ ಬಿಡಿಸಿ ಹೇಳಿದರು. ತಾಯಿ ಮಗಳು ಹೊರಗೆ ಮೆಟ್ಟಿಲ ಮೇಲೆ ಕುಳಿತು ಮಾತಾಡಿಕೊಂಡರು. ಇಷ್ಟು ವರ್ಷ ತಾನು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅವರಿಬ್ಬರು ಮಧ್ಯಾಹ್ನ ಹನ್ನೆರಡು ಗಂಟೆ ದಾಟಿಸಿದ್ದನ್ನು ಶುಕೂರ್ ಒಳಗಿನಿಂದ ನೋಡಿದರು. ಕೊನೆಗೆ ಕಾವ್ಯ ಬಂದು ಅವರ ಕುರ್ಚಿಯಲ್ಲಿ ತಾನೇ ಕುಳಿತಳು. ಶುಕೂರ್ ಗಿರಾಕಿಗಳು ನಿಲ್ಲುವ ಕಡೆ ನಿಂತು, ಫೋನಿಗೆ ಬಂದ ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು. ಅವಳು ಕಾರ್ಕಳವನ್ನು ಬಿಟ್ಟುಕೊಟ್ಟಳು.

ಎರಡನೆಯ ಸುತ್ತಿಗೆ ಪಟ್ಟಿಯ ಕ್ರಮ ಬದಲಿಸಲು ಅವಕಾಶವಿತ್ತು. ಅದನ್ನೂ ಅವಳೇ ತುಂಬಿಸಿದಳು. ಮೂರು ವಾರ ಶುಕೂರ್ ಅಪ್ಪಿ ಕುಳಿತ ಸಾಲಿನ ಎದುರು ಹಾಯಲಿಲ್ಲ. ಮಸೀದಿಗೆ ಸುತ್ತುದಾರಿಯಲ್ಲಿ ಹೋದರು. ಒಂದು ಬೆಳಿಗ್ಗೆ ಕಾವ್ಯ ಅಂಗಡಿಯ ಬಾಗಿಲಲ್ಲಿ ನಿಂತಳು.

"ಮೈಸೂರು ಸಿಕ್ಕಿತು ಅಂಕಲ್. ಎಲೆಕ್ಟ್ರಾನಿಕ್ಸ್ ಅಲ್ಲ. ಅದು ತುಂಬಿತ್ತಂತೆ. ಸಿವಿಲ್."

ಆದೀತಾ ಮಗಾ ಎಂದು ಕೇಳಬೇಕೆನ್ನಿಸಿತು ಶುಕೂರ್ ಅವರಿಗೆ. ಹಾಗೆ ಕೇಳುವ ಹಕ್ಕು ತನಗೆ ಉಳಿದಿದೆ ಎನ್ನಿಸಲಿಲ್ಲ. ಅವಳು ಚಾಚಿದ ಕಾಗದಗಳನ್ನು ತೆಗೆದುಕೊಂಡು, ಎಷ್ಟು ಪ್ರತಿ ಬೇಕೆಂದು ಕೇಳಿ, ಜೆರಾಕ್ಸ್ ಯಂತ್ರದ ಕಡೆಗೆ ತಿರುಗಿ ನಿಂತರು.